ದೀಪ ಹಚ್ಚಿದ ಮೇಲೆ ಹೆಪ್ಪು ಕೊಡುವುದಿಲ್ಲ

ಕುರಿ ರೊಪ್ಪದ ಮುಳ್ಳಿನ ಬಾಗಿಲು ಸರಿಸಿದರೆ ಕುರಿಗಳಿಗಿಂತ ಮೊದಲು ಆ ವಾಸನೆ ಹೊರಗೆ ಬರುತ್ತಿತ್ತು. ಮೂಗು ಚುರುಗುಟ್ಟಿಸಿ ಕಣ್ಣಲ್ಲಿ ನೀರು ತರಿಸುವ ಘಾಟು.

ದೇವಸಮುದ್ರದ ಗಂಗಲಕ್ಷ್ಮಿಗೆ ಬಾಲ್ಯವೆಂದರೆ ಅದೇ ವಾಸನೆ. ಬೆಳಗಿನ ಚಳಿಯಲ್ಲಿ ಅಜ್ಜಿಯ ಹಿಂದೆ ನಿಂತು, ಅವಳ ಸೆರಗಿನಲ್ಲಿ ಕಣ್ಣೊರೆಸಿಕೊಂಡು, ಒಂದೊಂದೇ ಮರಿಯನ್ನು ಎತ್ತಿ ತಾಯಿಕುರಿಯ ಹತ್ತಿರ ಬಿಡುತ್ತಿದ್ದಳು.

"ಕಣ್ಣು ತೊಳೀತು ಬಿಡು. ಇನ್ನು ಚೆನ್ನಾಗಿ ಕಾಣ್ತೈತೆ" ಎಂದು ಅಜ್ಜಿ ನಗುತ್ತಿದ್ದಳು.

ಮೊಳಕಾಲ್ಮೂರಿನ ಹೈಸ್ಕೂಲಿಗೆ ಬಸ್ಸಿನಲ್ಲಿ ಹೋಗತೊಡಗಿದ ಮೇಲೆ ಆ ನಗು ನಿಂತಿತು. ಮೊದಲ ವಾರವೇ ಪಕ್ಕದ ಬೆಂಚಿನ ಹುಡುಗಿ ಮೂಗು ಮುಚ್ಚಿಕೊಂಡು, "ರೊಪ್ಪ ಬಂತು, ಜರುಗ್ರೇ" ಎಂದಳು. ಆ ಹೆಸರು ಮೂರು ವರ್ಷ ಅಂಟಿಕೊಂಡಿತ್ತು.

ಅಂದಿನಿಂದ ಗಂಗಲಕ್ಷ್ಮಿ ಎರಡು ಸಲ ಸೋಪು ಹಚ್ಚಿ ಸ್ನಾನ ಮಾಡುತ್ತಿದ್ದಳು. ಬಿ.ಎಸ್ಸಿ. ಮುಗಿಸಿ ಚಳ್ಳಕೆರೆಯ ಕಾಲೇಜೊಂದರ ರಸಾಯನಶಾಸ್ತ್ರದ ಲ್ಯಾಬಿನಲ್ಲಿ ಕೆಲಸಕ್ಕೆ ಸೇರಿ ಎರಡು ವರ್ಷವಾದರೂ, ತಾನು ಯಾವ ಮನೆಯವಳು ಎಂದು ಅಲ್ಲಿ ಯಾರಿಗೂ ಹೇಳಿರಲಿಲ್ಲ.

ಹಾಗಿರುವಾಗ, ಎರಡು ಸಾವಿರದ ಮೂರರ ಆಗಸ್ಟಿನ ಒಂದು ಮಧ್ಯಾಹ್ನ ಅವನು ಬಂದ.

ತೋಳಿನ ಮೇಲೆ ಗಾಜು ಕೊರೆದ ಹಳೆಯ ಗೀರುಗಳು. ಕೈಯಲ್ಲಿ ನೀರು ತುಂಬಿದ ಬಾಟಲಿ. ಬಸ್ ನಿಲ್ದಾಣದ ಹತ್ತಿರ ಗಾಜಿನ ಅಂಗಡಿ ಇಟ್ಟುಕೊಂಡಿದ್ದ ಮಾರುತೇಶ. ದೇವರ ಫೋಟೋಗೆ ಕಟ್ಟು ಹಾಕುವುದು, ಕಿಟಕಿಗೆ ಗಾಜು ಕೂರಿಸುವುದು ಅವನ ಕಸುಬು.

"ಮೇಡಂ, ಈ ನೀರಲ್ಲಿ ಏನೈತೆ ನೋಡ್ತೀರಾ? ಮನೇಲಿ ಗಾಜಿನ ತೊಟ್ಟಿ ಮಾಡಿ ಮೀನು ಬಿಟ್ಟಿದ್ದೆ. ಎರಡು ತಿಂಗಳಲ್ಲಿ ಹನ್ನೊಂದು ಸತ್ತವೆ."

ಮುಚ್ಚಳ ತಿರುಗಿಸಿ ಬಾಟಲಿಯನ್ನು ಅವಳ ಮುಂದೆ ಹಿಡಿದ.

"ಮೂಸಿ ನೋಡ್ರಿ. ಥೇಟ್ ಕುರಿ ರೊಪ್ಪ. ನಿಮಗೆ ಗೊತ್ತಾಗ್ತೈತೆ ಅಂತ ಅಟೆಂಡರ್ ಪಾತಣ್ಣ ಹೇಳ್ದ."

ಗಂಗಲಕ್ಷ್ಮಿಯ ಕಿವಿ ಬಿಸಿಯಾಯಿತು. ನಿಮಗೆ ಗೊತ್ತಾಗುತ್ತೆ... ಹಾಗಾದರೆ ಇಲ್ಲಿಗೂ ಬಂತೇ ಆ ಹೆಸರು?

"ನನಗೇ ಯಾಕೆ ಗೊತ್ತಾಗ್ಬೇಕು?"

ಅವನು ತಬ್ಬಿಬ್ಬಾದ. "ಯಾಕೆ ಅಂದ್ರೆ... ನೀವು ಲ್ಯಾಬಿನವ್ರಲ್ವಾ? ನಾನೇನಾರಾ ಬ್ಯಾರೆ ರೂಮಿಗೆ ಬಂದ್ನಾ?"

ಅವನ ಮುಖದಲ್ಲಿ ಕೊಂಕಿರಲಿಲ್ಲ. ಗಂಗಲಕ್ಷ್ಮಿ ಬಾಟಲಿ ತೆಗೆದುಕೊಂಡಳು. ಪರೀಕ್ಷಾ ನಳಿಕೆಗೆ ಸ್ವಲ್ಪ ನೀರು ಸುರಿದು, ನೆಸ್ಲರ್ ದ್ರಾವಣದ ಕೆಲವು ಹನಿ ಬಿಟ್ಟಳು. ನೀರು ಹಳದಿಯಾಯಿತು, ನೋಡುತ್ತಿದ್ದಂತೆ ಬೆಲ್ಲದ ಪಾಕದ ಬಣ್ಣಕ್ಕೆ ತಿರುಗಿತು.

"ಅಮೋನಿಯಾ" ಎಂದಳು. "ಒಳ್ಳೆ ನೀರಾಗಿದ್ರೆ ಬಣ್ಣ ಬರಬಾರದಿತ್ತು."

"ಹಂಗಂದ್ರೆ?"

"ನೀವು ಹೇಳಿದ್ದೇ. ರೊಪ್ಪದ ವಾಸನೆ. ನಮ್ಮ ಮೂಗಿಗೆ ತಿಳಿಯೋದಕ್ಕಿಂತ ಎಷ್ಟೋ ಮೊದಲೇ ಮೀನಿಗೆ ಉಸಿರು ಕಟ್ಟಿರುತ್ತೆ."

ಅವನು ನಳಿಕೆಯನ್ನು ಬೆಳಕಿಗೆ ಹಿಡಿದು ನೋಡಿದ. ತನ್ನಷ್ಟಕ್ಕೆ ಹೇಳಿಕೊಂಡಂತೆ ಅಂದ, "ನಾನು ಹುಟ್ಟಿದ್ದೇ ರೊಪ್ಪದ ಪಕ್ಕ ಮೇಡಂ, ಗೌರಸಮುದ್ರದ ಕಡೆ. ಪ್ಯಾಟೆಗೆ ಬಂದ ಹೊಸದ್ರಲ್ಲಿ ಆ ವಾಸನೆ ಇಲ್ದೆ ನಿದ್ದೆನೇ ಬರ್ತಿರ್ಲಿಲ್ಲ. ಅದು ಮೀನಿಗೆ ವಿಷ ಅಂತ ಈಗ ಗೊತ್ತಾಯ್ತು."

ಆ ವಾಸನೆಯಿಲ್ಲದೆ ನಿದ್ದೆ ಬರಲಿಲ್ಲವಂತೆ...

ಗಂಗಲಕ್ಷ್ಮಿ ನಳಿಕೆ ತೊಳೆಯುವ ನೆಪದಲ್ಲಿ ಅತ್ತ ತಿರುಗಿದಳು. ಇಷ್ಟು ವರ್ಷ ತಾನು ಉಜ್ಜಿ ಉಜ್ಜಿ ತೆಗೆದದ್ದನ್ನು ಒಬ್ಬ ಮನುಷ್ಯ ಕಳೆದುಕೊಂಡ ಒಡವೆಯಂತೆ ನೆನೆಸಿಕೊಳ್ಳುತ್ತಿದ್ದಾನೆ. ತನ್ನೂರಿನ ಮಾತು ಅವಳ ನಾಲಿಗೆಯ ತುದಿಗೆ ಬಂತು. ಅಲ್ಲೇ ನಿಂತಿತು.

*

ಆ ಭಾನುವಾರ ಅವಳೇ ಅವನ ಮನೆ ಹುಡುಕಿಕೊಂಡು ಹೋದಳು. ಎಣ್ಣೆ ಮಿಲ್ಲಿನ ಹಿಂದಿನ ಓಣಿ, ಓಣಿ ತುಂಬ ಶೇಂಗಾ ಹಿಂಡಿಯ ಕಮಟು.

ಪಡಸಾಲೆಯಲ್ಲಿ, ಅಂಗಡಿಯಲ್ಲಿ ಉಳಿದ ಗಾಜಿನ ತುಂಡುಗಳನ್ನು ಅಂಟಿಸಿ ಮಾಡಿದ ತೊಟ್ಟಿ. ಅದರೊಳಗೆ ಒಂದೇ ಒಂದು ಕೆಂಪು ಮೀನು, ನೀರಿನ ಮೇಲಕ್ಕೆ ಬಾಯಿ ತಂದು ತೆರೆಯುತ್ತ ಮುಚ್ಚುತ್ತ ನಿಂತಿತ್ತು. ಪಕ್ಕದಲ್ಲಿ ಅವನ ತಾಯಿ ಪಾಪಕ್ಕ, ಗೋಡೆಗೆ ಒರಗಿ.

"ಇದು ಕೆಂಚಿ, ತಾಯಿ" ಎಂದಳು ಪಾಪಕ್ಕ. "ಬಿಳಿಯ, ಕರಿಯ, ಜಾಲಿ, ಎಲ್ಲಾ ಹೋದ್ವು. ಇದೊಂದು ಉಳಕಂಡೈತೆ."

ಕುರಿಗಳಿಗೆ ಇಡುವ ಹೆಸರುಗಳು.

ಮಾರುತೇಶ ಅವಳನ್ನು ಹಿತ್ತಲಿಗೆ ಕರೆದು ದನಿ ತಗ್ಗಿಸಿ ಹೇಳಿದ. ಅಪ್ಪ ತೀರಿಕೊಂಡ ಮೇಲೆ ಕುರಿ ಕಾಯುವವರಿಲ್ಲದೆ ಹಿಂಡನ್ನು ಮಾರಬೇಕಾಯಿತು. ಅವ್ವ ಪೇಟೆಗೆ ಬಂದಳು, ಮಾತು ಬಿಟ್ಟಳು. ಆರು ತಿಂಗಳು ಬರೀ ಹೂಂ, ಊಹೂಂ. ಮೀನು ತಂದ ದಿನ ಅವಳು ಮೊದಲ ಸಲ ಬಾಯಿ ತೆರೆದು, "ಇವಕ್ಕೆ ಹೆಸರೇನೋ ಮಗಾ" ಎಂದು ಕೇಳಿದ್ದಳು.

"ಈಗ ಒಂದೊಂದು ಸತ್ತಾಗಲೂ ತನ್ನ ಕೈಗುಣನೇ ಸರಿಯಿಲ್ಲ ಅಂತಾಳೆ. ಇದೂ ಹೋದ್ರೆ ಇನ್ನು ನನ್ನ ಕೈಗೆ ಯಾವ ಜೀವಾನೂ ಕೊಡಬ್ಯಾಡ ಅಂದುಬಿಟ್ಟಾಳೆ ಮೇಡಂ. ಮತ್ತೆ ಆ ಹೂಂ, ಊಹೂಂ ಕೇಳೋ ಶಕ್ತಿ ನಂಗಿಲ್ಲ."

ಹೇಳುತ್ತಲೇ ಅವನು ಬಕೆಟ್ಟಿನಲ್ಲಿದ್ದ ತೊಟ್ಟಿಯ ಕಲ್ಲುಗಳನ್ನು ನಲ್ಲಿಯ ಕೆಳಗೆ ಹಿಡಿದು ಬ್ರಷ್ಷಿನಲ್ಲಿ ತಿಕ್ಕತೊಡಗಿದ. ತೊಟ್ಟಿಗೆ ಗಾಳಿ ಊದುವ ಯಂತ್ರದ ಸ್ಪಂಜನ್ನೂ ಬಟ್ಟೆ ಸೋಪಿನಲ್ಲಿ ಹಿಂಡಿ ಇಟ್ಟಿದ್ದ.

"ಇದನ್ನ ಯಾವಾಗ್ಲೂ ತೊಳೀತೀರಾ?"

"ಪ್ರತಿ ಭಾನುವಾರ. ನೀರೂ ಪೂರ್ತಿ ಬದಲಾಯಿಸ್ತೀನಿ. ನೋಡ್ರಿ, ಕನ್ನಡಿ ಇದ್ದಂಗೈತೆ."

ಗಂಗಲಕ್ಷ್ಮಿಗೆ ತಡೆಯದೆ ನಗು ಬಂತು. ಕಾಲೇಜಿನ ಪ್ರಾಣಿಶಾಸ್ತ್ರ ವಿಭಾಗದಲ್ಲೊಂದು ಮೀನಿನ ತೊಟ್ಟಿಯಿದೆ. ಪಾತಣ್ಣ ಅದರ ಕಲ್ಲುಗಳನ್ನು ನಾಲ್ಕು ವರ್ಷದಿಂದ ತೊಳೆದಿಲ್ಲ. ಅಲ್ಲಿನ ಮೀನುಗಳು ಆರಾಮಾಗಿವೆ. ಯಾಕೆಂದು ಈ ವಾರ ಅವಳು ಲೈಬ್ರರಿಯಲ್ಲಿ ಕೂತು ಓದಿದ್ದಳು.

ಒಳಗೆ ಬಂದು ಪಾಪಕ್ಕನ ಎದುರಿಗೆ ಕೂತಳು. ಈ ಮನೆಯಲ್ಲಿ ಪುಸ್ತಕದ ಮಾತು ನಡೆಯುವುದಿಲ್ಲ ಅನಿಸಿತು.

"ಅವ್ವ, ಹಾಲು ಮೊಸರಾಗ್ಬೇಕಾದ್ರೆ ಏನು ಬೇಕು?"

"ಹೆಪ್ಪು."

"ಮೀನು ಉಚ್ಚೆ ಹೊಯ್ತವೆ, ತಿಂದುಳಿದಿದ್ದು ಕೊಳೀತೈತೆ. ಅದರಿಂದ ಘಾಟು. ಆ ಘಾಟು ತಿಂದು ನೀರು ತಿಳಿ ಮಾಡೋ ಕಣ್ಣಿಗೆ ಕಾಣದ ಜೀವ ಈ ಕಲ್ಲಿನ ಮೇಲೆ, ಈ ಸ್ಪಂಜಿನೊಳಗೆ ಬೆಳೀತವೆ. ಅದು ತೊಟ್ಟಿಯ ಹೆಪ್ಪು. ನಲ್ಲಿ ನೀರಿಗೆ ಹಾಕೋ ಬ್ಲೀಚಿಂಗ್ ಔಷಧಿಗೂ ಅವು ಸಾಯ್ತವೆ. ಇವರು ವಾರವಾರ..."

ಪಾಪಕ್ಕ ಮಗನ ಕಡೆ ತಿರುಗಿದಳು. "ಹೆಪ್ಪಿನ ಪಾತ್ರೆ ತಿಕ್ಕಿ ತಿಕ್ಕಿ ತೊಳ್ದೀಯಲ್ಲೋ ಹೈವಾನ. ಮೊಸರು ಎಲ್ಲಿಂದ ಆದಾತು?"

ಮಾರುತೇಶ ಬ್ರಷ್ಷನ್ನು ಬೆನ್ನ ಹಿಂದೆ ಮರೆಮಾಡಿದ. ಮೂವರೂ ನಕ್ಕರು. ಪಾಪಕ್ಕ ನಕ್ಕು ಎಷ್ಟು ದಿನವಾಗಿತ್ತೋ, ಮಗ ಅವಳ ಮುಖವನ್ನೇ ನೋಡುತ್ತ ನಿಂತುಬಿಟ್ಟ.

ಗಂಗಲಕ್ಷ್ಮಿ ಹೇಳಿದ್ದಿಷ್ಟು. ಕಲ್ಲು, ಸ್ಪಂಜು ತೊಳೆಯಬಾರದು. ನೀರನ್ನು ಡ್ರಮ್ಮಿನಲ್ಲಿ ಒಂದು ದಿನ ಬಿಟ್ಟು, ಕಾಲುಭಾಗ ಮಾತ್ರ ಬದಲಾಯಿಸಬೇಕು. ಎರಡು ದಿನಕ್ಕೊಮ್ಮೆ ಒಂದೇ ಚಿಟಿಕೆ ಊಟ, ಅದಕ್ಕಿಂತ ಒಂದು ಕಾಳೂ ಹೆಚ್ಚಿಲ್ಲ.

ಊಟದ ಮಾತು ಬಂದಾಗ ಪಾಪಕ್ಕ ಮಾತ್ರ ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿಕೊಳ್ಳುತ್ತಿದ್ದಳು. ಅದನ್ನು ಯಾರೂ ಗಮನಿಸಲಿಲ್ಲ.

*

ಪ್ರತಿ ಶನಿವಾರ ಮಾರುತೇಶ ಬಾಟಲಿ ಹಿಡಿದು ಲ್ಯಾಬಿಗೆ ಬರತೊಡಗಿದ. ಒಂದು ಶನಿವಾರ ಹೋಗುವ ಮುಂಚೆ ಅವಳ ಮೇಜಿನ ಪಕ್ಕದ ಒಡೆದ ಕಿಟಕಿಗೆ ಹೊಸ ಗಾಜು ಕೂರಿಸಿದ. ಯಾರೂ ಕೇಳಿರಲಿಲ್ಲ.

"ಗಾಳಿಗೆ ನಿಮ್ಮ ಬರ್ನರ್ ಉರಿ ಅಲ್ಲಾಡ್ತಿತ್ತು" ಎಂದಷ್ಟೇ ಹೇಳಿ ಹೋದ.

ಶುಕ್ರವಾರ ರಾತ್ರಿಯೇ ಅವಳು ನಾಳೆಯ ಸೀರೆ ಯಾವುದೆಂದು ಯೋಚಿಸತೊಡಗಿದ್ದಳು. ಇದೇನಿದು, ನೀರಿನ ಬಣ್ಣ ನೋಡಲು ಇಷ್ಟು ತಯಾರಿಯೇ... ಎಂದು ತನ್ನನ್ನೇ ಗದರಿಕೊಳ್ಳುತ್ತಿದ್ದಳು.

ಆದರೆ ನಳಿಕೆಯ ಬಣ್ಣ ಮಾತ್ರ ತಿಳಿಯಾಗಲಿಲ್ಲ. ಮೊದಲ ವಾರ ಬೆಲ್ಲದ ಪಾಕ. ಎರಡನೇ ವಾರ ಬೆಲ್ಲದ ಪಾಕ. ಮೂರನೇ ವಾರವೂ ಅದೇ.

"ನಾನು ಹೇಳಿದ ಹಾಗೆ ಮಾಡ್ತಿದ್ದೀರಾ?"

"ಮಾಡ್ತಿದೀನಿ."

"ಕಲ್ಲು?"

"ಮುಟ್ಟಿಲ್ಲ."

"ಊಟ?"

ಅವನು ಉತ್ತರಿಸಲು ತಡಮಾಡಿದ. ನಿನ್ನೆ ಮಧ್ಯಾಹ್ನ ಅಂಗಡಿಯಿಂದ ಬೇಗ ಬಂದವನು ಬಾಗಿಲ ಸಂದಿಯಿಂದ ಏನನ್ನೋ ನೋಡಿದ್ದ. ಅದನ್ನು ಹೇಳಿದರೆ ಹನ್ನೊಂದು ಮೀನುಗಳ ಸಾವು ಯಾರ ತಲೆಗೆ ಬರುತ್ತದೆಂದು ಅವನಿಗೆ ಗೊತ್ತಿತ್ತು.

"ನಾನೇ... ಕೈ ತಪ್ಪಿ ಸ್ವಲ್ಪ ಜಾಸ್ತಿ ಹಾಕ್ದೆ ಮೇಡಂ."

"ಮೂರು ವಾರವೂ ಕೈ ತಪ್ಪಿತಾ?"

ಅವನು ನೆಲ ನೋಡಿದ.

ಗಂಗಲಕ್ಷ್ಮಿಗೆ ನೋವಾಯಿತು. ನೋವಿಗಿಂತ ಹೆಚ್ಚು ಅವಮಾನ. ನಾನಿಲ್ಲಿ ಆ ಒಂದು ಮೀನಿಗಾಗಿ ಲೈಬ್ರರಿಯ ಕಪಾಟು ತಡಕುತ್ತಿದ್ದರೆ, ಇವರಿಗೆ ಇದು ಆಟ. ಶನಿವಾರ ಬಂದು ಹೋಗಲು ಒಂದು ನೆಪ ಬೇಕು, ಅಷ್ಟೇ...

"ಮಂಗಳವಾರ ಸಂಜೆ ನಮ್ಮ ಕಾಲೇಜಿನ ತೊಟ್ಟಿಯ ಕಲ್ಲು, ಸ್ಪಂಜು ತಂದಿಟ್ಟಿರ್ತೀನಿ. ನಾಲ್ಕು ವರ್ಷದ ಹೆಪ್ಪು ಅದು. ನಾನು ಬಾಡಿಗೆಗಿರೋ ಹೊನ್ನಕ್ಕನ ಮನೆಗೆ ಬಂದು ತಗೊಂಡು ಹೋಗಿ. ಆಮೇಲೆ ನನ್ನ ಹತ್ರ ನೀರು ತರಬೇಡಿ."

"ಮಂಗಳವಾರ ಮೊಳಕಾಲ್ಮೂರಲ್ಲಿ ಕೆಲಸ ಐತೆ. ರೇಷ್ಮೆ ಸೀರೆ ಅಂಗಡಿಗೆ ಗಾಜಿನ ಬೀರು. ಬಸ್ ಇಳಿದ ತಕ್ಷಣ ಬರ್ತೀನಿ."

"ಬನ್ನಿ" ಎಂದಳು, ಅವನ ಕಡೆ ನೋಡದೆ.

*

ಮಂಗಳವಾರ ಬಸ್ಸು ತಡವಾಯಿತು.

ಮಾರುತೇಶ ಬಕೆಟ್ ಹಿಡಿದು ಹೊನ್ನಕ್ಕನ ಮನೆಯ ಮುಂದೆ ನಿಂತಾಗ ಒಳಗೆ ದೇವರ ಮುಂದೆ ದೀಪ ಉರಿಯುತ್ತಿತ್ತು. ಗಂಗಲಕ್ಷ್ಮಿ ಮಹಡಿಯ ಮೇಲೆ ಒಣಗಿದ ಬಟ್ಟೆ ತೆಗೆಯುತ್ತಿದ್ದಳು. ಬಾಗಿಲಿಗೆ ಬಂದವಳು ಅವಳಿಗೆ ಬಾಡಿಗೆಗೆ ಕೋಣೆ ಕೊಟ್ಟಿದ್ದ ಹೊನ್ನಕ್ಕ.

"ಏನಪ್ಪ?"

"ಗಂಗಲಕ್ಷ್ಮಿ ಮೇಡಂ ಹೆಪ್ಪು ಕೊಡ್ತೀನಿ ಅಂದಿದ್ರು. ಇಸ್ಕಂಡು ಹೋಗಾಣ ಅಂತ."

ಹೊನ್ನಕ್ಕ ಅವನನ್ನು ಮೇಲಿಂದ ಕೆಳಗೆ ನೋಡಿದಳು. "ದೀಪ ಹಚ್ಚೈತಲ್ಲಪ್ಪ. ದೀಪ ಹಚ್ಚಿದ ಮ್ಯಾಲೆ ಈ ಮನೆಯಿಂದ ಹೆಪ್ಪು ಆಚೆ ಹೋಗಲ್ಲ."

"ಅವ್ರಿಗೆ ಒಂದು ಮಾತು..."

"ಯಾರಿಗೆ ಕೇಳಿದ್ರೂ ಅಷ್ಟೇಯ. ಇಲ್ಲ ಅಂದ್ರೆ ಇಲ್ಲ."

ಬಾಗಿಲು ಮುಚ್ಚಿತು.

ಮೇಡಂ ಅವರೇ ಹೇಳಿ ಕಳಿಸಿದ್ದಾರೆ ಎಂದುಕೊಂಡ ಮಾರುತೇಶ. ಮನಸ್ಸು ಬದಲಾಯಿಸಿದ್ದಾರೆ. ಸುಳ್ಳು ಹೇಳಿದವನಿಗೆ ಇದೇ ಸರಿ... ಖಾಲಿ ಬಕೆಟ್ ಹಿಡಿದು ಹೊರಟುಹೋದ.

ಗಂಗಲಕ್ಷ್ಮಿ ಕೆಳಗಿಳಿದು, ನೀರಿನಲ್ಲಿ ಮುಳುಗಿಸಿಟ್ಟ ಕಲ್ಲುಗಳ ಪಕ್ಕ ಬಹಳ ಹೊತ್ತು ಕೂತಳು. ಊಟಕ್ಕೆ ಕರೆದಾಗ ಹಸಿವಿಲ್ಲ ಎಂದಳು. ಅವರು ಬರಲಿಲ್ಲ. ಒಂದು ಜೀವ ಉಳಿಸಿಕೊಳ್ಳಲೂ ಬರಲಿಲ್ಲ...

ಮರುದಿನ ಕಲ್ಲುಗಳನ್ನು ಕಾಲೇಜಿನ ತೊಟ್ಟಿಗೇ ವಾಪಸ್ ಹಾಕಿದಳು. ಆ ಶನಿವಾರ ಹಳೇ ಸೀರೆಯನ್ನೇ ಉಟ್ಟಳು. ಆದರೂ ಬಾಗಿಲ ಹತ್ತಿರ ಸದ್ದಾದಾಗಲೆಲ್ಲ ತಲೆ ಎತ್ತಿದಳು. ಹೊಸ ಗಾಜಿನ ಕಿಟಕಿಯಲ್ಲಿ ಅವಳ ಮುಖವೇ ಅವಳಿಗೆ ಕಾಣುತ್ತಿತ್ತು.

ಸೋಮವಾರ ಬೆಳಿಗ್ಗೆ ಹೊನ್ನಕ್ಕ ಮಜ್ಜಿಗೆ ಕಡೆಯುತ್ತ ಪಕ್ಕದ ಮನೆಯವಳಿಗೆ ಹೇಳುತ್ತಿದ್ದಳು.

"ಕಾಲ ಕೆಟ್ಟೋತು ಕಣೆ. ಮೊನ್ನೆ ಮಂಗಳವಾರ ದೀಪ ಹಚ್ಚಿದ ಮ್ಯಾಲೆ ಯಾವನೋ ಹೆಪ್ಪು ಕೇಳ್ಕಂಡು ಬಂದಿದ್ದ. ಹೆಪ್ಪಿಗೆ ಯಾರಾದ್ರೂ ಬಕೆಟ್ ತರ್ತಾರಾ? ಊರಿಗೆಲ್ಲ ಮೊಸರು ಮಾಡ್ತಾನೇನೋ."

ತಲೆ ಬಾಚುತ್ತಿದ್ದ ಗಂಗಲಕ್ಷ್ಮಿಯ ಕೈ ನಿಂತಿತು.

"ಹೊನ್ನಕ್ಕ... ಬಕೆಟ್ ತಂದಿದ್ರಾ? ಕೈ ಮೇಲೆ ಗೀರು ಇತ್ತಾ?"

"ಗೀರೋ ಗಾರೋ ನಂಗೇನು ಗೊತ್ತು? ಪಾಪ, ನಿನ್ನ ಹೆಸರೇ ಹೇಳ್ದ. ನಾ ಇಲ್ಲ ಅಂದಿದ್ದಕ್ಕೆ ಮುಖ ಇಷ್ಟು ಸಣ್ಣದಾಗಿ ಹೋತು."

ಹೆಪ್ಪು! ಆ ಹೆಸರು ಕೊಟ್ಟವಳು ತಾನೇ. ನಗಬೇಕೋ ಅಳಬೇಕೋ ತಿಳಿಯಲಿಲ್ಲ. ಆರು ದಿನ... ಕೆಂಚಿ ಇನ್ನೂ ಇರುತ್ತದೆಯೇ?

*

ಮಧ್ಯಾಹ್ನದ ಬಿಡುವಿನಲ್ಲಿ ಪಾತಣ್ಣ ಕಲ್ಲು, ಸ್ಪಂಜುಗಳನ್ನು ತೊಟ್ಟಿಯ ನೀರಿನ ಸಮೇತ ಬಕೆಟ್ಟಿಗೆ ತುಂಬಿಕೊಟ್ಟ. "ಹುಷಾರು ತಾಯಿ, ನನ್ನ ನಾಲ್ಕು ವರ್ಷದ ಸೋಮಾರಿತನ ಐತೆ ಇದ್ರಲ್ಲಿ" ಎಂದ.

ಬಿಸಿಲಿನಲ್ಲಿ ಬಕೆಟ್ ಹೊತ್ತು ಅವಳು ಎಣ್ಣೆ ಮಿಲ್ಲಿನ ಓಣಿಗೆ ಬಂದಳು. ಬಾಗಿಲು ಅರ್ಧ ತೆರೆದಿತ್ತು.

ಪಾಪಕ್ಕ ಊಟದ ತಟ್ಟೆಯ ಮುಂದೆ ಕೂತಿದ್ದಳು. ಮುದ್ದೆಯಿಂದ ಒಂದು ತುತ್ತು ಮುರಿದು, ಎದ್ದು, ತೊಟ್ಟಿಯ ಹತ್ತಿರ ಹೋಗಿ, ಮೆಲ್ಲಗೆ ನೀರಿಗೆ ಬಿಟ್ಟಳು. ಆಮೇಲೆ ಬಂದು ತಟ್ಟೆಗೆ ಕೈ ಹಾಕಿದಳು.

ಗಂಗಲಕ್ಷ್ಮಿ ಹೊಸ್ತಿಲಲ್ಲೇ ನಿಂತಳು. ಎಲ್ಲವೂ ಒಂದೇ ಸಲ ಅರ್ಥವಾಯಿತು. ಅವಳ ಅಜ್ಜಿಯೂ ಹಾಗೆಯೇ. ರೊಪ್ಪದ ನಾಯಿಗೆ, ತಾಯಿಯಿಲ್ಲದ ಮರಿಗೆ ಮೊದಲ ತುತ್ತು ಇಡದೆ ಅವಳು ಬಾಯಿಗೆ ಅನ್ನ ಇಟ್ಟವಳಲ್ಲ.

ಪಾಪಕ್ಕ ಅವಳನ್ನು ನೋಡಿದಳು. ಕೈ ತಟ್ಟೆಯಲ್ಲೇ ಉಳಿಯಿತು.

"ನೀ ಬ್ಯಾಡ ಅಂದಿದ್ದೆ ತಾಯಿ. ಗೊತ್ತೈತೆ. ಕಟ್ಟಿ ಹಾಕಿದ ಜೀವ ಉಪವಾಸ ಇದ್ರೆ ನಾ ಹೆಂಗೆ ಉಣ್ಣಲಿ? ಮೂರು ಹೊತ್ತೂ ಹಾಕ್ತೀನಿ. ಒಂದಿನ ಮಗ ನೋಡ್ದ. ಏನೂ ಅನ್ಲಿಲ್ಲ. ಸುಮ್ಕೆ ಕೂತು ನನ್ನ ಕೈ ಒರೆಸ್ದ."

ಅದಕ್ಕೇ ಆ ಸುಳ್ಳು. ಅದಕ್ಕೇ ನೆಲ ನೋಡುತ್ತ ನಿಂತದ್ದು.

"ನನ್ನ ತುತ್ತೇ ಅವನ್ನ ಕೊಂದಿದ್ದಾ ತಾಯಿ?" ಪಾಪಕ್ಕ ಕೇಳಿದಳು.

ಗಂಗಲಕ್ಷ್ಮಿ ಬಕೆಟ್ ಇಳಿಸಿ ಅವಳ ಪಕ್ಕ ಕೂತಳು. ಓದಿದ್ದೆಲ್ಲ ಗೊತ್ತಿತ್ತು, ಹೇಳಬಹುದಿತ್ತು. ಹೇಳಲಿಲ್ಲ.

"ತೊಟ್ಟೀಲಿ ಹೆಪ್ಪು ಇರ್ಲಿಲ್ಲ ಅವ್ವ. ಹೆಪ್ಪಿಲ್ಲದ ಮನೇಲಿ ಯಾರು ಹಾಲು ಹಾಕಿದ್ರೂ ಕೆಡುತ್ತೆ. ಈಗ ಹೆಪ್ಪು ತಂದಿದ್ದೀನಿ. ಆದ್ರೆ ಕೆಂಚಿ ಹೊಟ್ಟೆ ಒಂದು ಮೆಣಸಿನ ಕಾಳಿನಷ್ಟು. ಅದಕ್ಕೆ ಎರಡು ದಿನಕ್ಕೊಂದು ಚಿಟಿಕೆ ಸಾಕು."

"ಹಂಗಾದ್ರೆ ನನ್ನ ಮೊದಲ್ನೇ ತುತ್ತು ಯಾರಿಗೆ ಇಡ್ಲಿ?"

ಗಂಗಲಕ್ಷ್ಮಿ ಅಂಗೈ ಚಾಚಿದಳು.

"ನಂಗೆ ಕೊಡಿ."

ಪಾಪಕ್ಕ ಬಹಳ ಹೊತ್ತು ಆ ಅಂಗೈಯನ್ನು ನೋಡಿದಳು. ಆಮೇಲೆ ಮುದ್ದೆ ಮುರಿದು, ಸಾರಿನಲ್ಲಿ ಅದ್ದಿ, ಅದರ ಮೇಲೆ ಇಟ್ಟಳು.

ಉಂಡು ಕೈ ತೊಳೆದು ಗಂಗಲಕ್ಷ್ಮಿ ಕೆಲಸಕ್ಕೆ ನಿಂತಳು. ನೀರಿನಡಿ ಕೂತಿದ್ದ ಮುದ್ದೆಯ ಚೂರು ತೆಗೆದಳು. ಡ್ರಮ್ಮಿನ ನೀರಿನಿಂದ ಅರ್ಧ ತೊಟ್ಟಿ ಬದಲಾಯಿಸಿದಳು. ಪಾತಣ್ಣನ ಪಾಚಿಗಟ್ಟಿದ ಕಲ್ಲುಗಳನ್ನು ಒಂದೊಂದೇ ಇಳಿಸಿದಳು. ಕೆಂಚಿ ಮೂಲೆಯಲ್ಲಿ ವಾಲಿಕೊಂಡಿತ್ತು. ಕಿವಿರು ಆಡುತ್ತಿತ್ತು.

*

ಮೊಳಕಾಲ್ಮೂರಿನ ಕೆಲಸ ಅಂದಿಗೆ ಮುಗಿದಿತ್ತು. ಸಂಜೆ ಮನೆಗೆ ಬಂದ ಮಾರುತೇಶ, ತೊಟ್ಟಿಯ ಮುಂದೆ ಸೀರೆ ಎತ್ತಿ ಕಟ್ಟಿ ಕೂತ ಗಂಗಲಕ್ಷ್ಮಿಯನ್ನು ನೋಡಿ ಬಾಗಿಲಲ್ಲೇ ನಿಂತ. ಕಾಲೇಜಿಗೆ ಅವಳು ಅಂದು ಮಧ್ಯಾಹ್ನ ವಾಪಸ್ ಹೋಗಿರಲೇ ಇಲ್ಲ.

"ದೀಪ ಹಚ್ಚಿದ ಮೇಲೆ ಹೆಪ್ಪು ಕೊಡಲ್ಲ ಅಂದಿದ್ದು ಹೊನ್ನಕ್ಕ" ಎಂದಳು ಅವಳು, ತಿರುಗದೆ. "ಮೊಸರಿನ ಹೆಪ್ಪು ಅಂದ್ಕೊಂಡ್ರು. ನಾನು ಮಹಡಿ ಮೇಲಿದ್ದೆ. ಕಾಯ್ತಾ ಇದ್ದೆ."

ಅವನು ಗೋಡೆ ಹಿಡಿದು ಕೂತ. "ನಾನು... ನೀವೇ ಹೇಳಿ ಕಳಿಸಿದ್ರಿ ಅಂತ..."

"ನೀವೂ ಒಂದು ಸುಳ್ಳು ಹೇಳಿದ್ರಿ. ಯಾಕೆ ಅಂತ ಇವತ್ತು ನೋಡ್ದೆ."

ಪಾಪಕ್ಕ ಹಿತ್ತಲಿಗೆ ಹೋಗಿ ಇಲ್ಲದ ಪಾತ್ರೆ ತೊಳೆಯತೊಡಗಿದಳು.

"ತಪ್ಪಾಯ್ತು ಮೇಡಂ."

"ಇನ್ನೊಂದು ಸುಳ್ಳು ಐತೆ. ಅದು ನಂದು." ಗಂಗಲಕ್ಷ್ಮಿ ಈಗ ಅವನ ಕಡೆ ತಿರುಗಿದಳು. ಮಾತು ತಂತಾನೇ ತನ್ನೂರಿನದಾಗಿತ್ತು. "ನಾನು ದೇವಸಮುದ್ರದೋಳು. ನಮ್ಮದೂ ಕುರಿ ಮನೆ. ಸ್ಕೂಲಲ್ಲಿ ನನ್ನ ರೊಪ್ಪ ಅಂತ ಕರೀತಿದ್ರು. ಇಷ್ಟು ವರ್ಷ ಯಾರಿಗೂ ಹೇಳಿಲ್ಲ."

ಅವನು ಅವಳನ್ನೇ ನೋಡಿದ.

"ಅದಕ್ಕೇನಾ," ಎಂದ ಮೆಲ್ಲಗೆ, "ನಿಮ್ಮ ಲ್ಯಾಬಿಂದ ಬಂದ ದಿನ ನಂಗೆ ಒಳ್ಳೆ ನಿದ್ದೆ ಬರ್ತಿತ್ತು."

ಗಂಗಲಕ್ಷ್ಮಿ ನಕ್ಕಳು. ಕಣ್ಣಲ್ಲಿ ನೀರು ಬಂತು. ಈ ಸಲ ಒರೆಸಿಕೊಳ್ಳಲಿಲ್ಲ.

*

ಅಲ್ಲಿಂದಾಚೆ ನಳಿಕೆಯ ಬಣ್ಣ ಬದಲಾಯಿತು. ಒಂದು ವಾರಕ್ಕೆ ಕಡುಹಳದಿ. ಎರಡು ವಾರಕ್ಕೆ ನಿಂಬೆಯ ಸಿಪ್ಪೆಯಷ್ಟು ತಿಳಿಹಳದಿ. ಕೆಂಚಿ ತೊಟ್ಟಿಯ ಉದ್ದಕ್ಕೂ ಈಜುತ್ತ, ಪಾಪಕ್ಕ ಹತ್ತಿರ ಬಂದರೆ ಗಾಜಿಗೆ ಮೂತಿ ತಾಗಿಸುತ್ತಿತ್ತು.

ನಾಲ್ಕನೇ ಶನಿವಾರ ಗಂಗಲಕ್ಷ್ಮಿ ಹನಿ ಬಿಟ್ಟು, ನಳಿಕೆಯನ್ನು ಮಾರುತೇಶ ಕೂರಿಸಿದ ಗಾಜಿನ ಮುಂದೆ ಹಿಡಿದಳು. ಇಬ್ಬರೂ ಕಾದರು.

ಬಣ್ಣ ಬರಲಿಲ್ಲ. ನೀರು ನೀರಿನಂತೆಯೇ ಇತ್ತು.

"ಇನ್ನು ನೀರು ತರೋ ಕೆಲಸ ಇಲ್ಲ" ಎಂದಳು. ಹೇಳಿದ ಮೇಲೆ ಎದೆಯೊಳಗೆ ಏನೋ ಖಾಲಿಯಾದಂತಾಯಿತು.

"ನೀರು ತರೋ ಕೆಲಸ ಇಲ್ಲ" ಎಂದ ಅವನು. "ಆದ್ರೆ ಬ್ಯಾರೆ ಒಂದು ಐತೆ. ಅವ್ವ ಇನ್ನೂ ಉಂಡಿಲ್ಲ."

"ಯಾಕೆ?"

"ಮೊದಲ್ನೇ ತುತ್ತು ನಿಮ್ಮದಂತೆ. ನೀವೇ ಕೇಳಿದ್ರಂತಲ್ಲ. ಮೂರು ವಾರದಿಂದ ಒಂದು ತುತ್ತು ತೆಗೆದಿಟ್ಟು, ಸಂಜೆ ಹೊತ್ತಿಗೆ ಬೀದಿ ನಾಯಿಗೆ ಹಾಕ್ತಿದ್ಲು. ಇವತ್ತು ಅದು ಆಗಲ್ಲ, ಕೊಟ್ಟು ಬಾ, ಆಮ್ಯಾಲೆ ಉಣ್ತೀನಿ ಅಂದ್ಲು."

ಗಂಗಲಕ್ಷ್ಮಿ ನಳಿಕೆಯನ್ನು ಸ್ಟ್ಯಾಂಡಿಗೆ ಇಟ್ಟಳು.

"ದಿನಾ ಹಿಂಗೆ ಹೊತ್ಕೊಂಡು ಬರ್ತೀರಾ?"

"ನೀವು ಅಲ್ಲಿಗೇ ಬಂದ್ರೆ ಹೊರೋದು ತಪ್ಪುತ್ತೆ." ಹೇಳಿಬಿಟ್ಟವನೇ ಕಿಟಕಿಯ ಗಾಜನ್ನು ಬೆರಳಿನಿಂದ ಒರೆಸತೊಡಗಿದ. ಅದರಲ್ಲಿ ಒರೆಸುವಂಥದ್ದೇನೂ ಇರಲಿಲ್ಲ.

ಅವಳಿಗೆ ಅಜ್ಜಿಯ ಸೆರಗು ನೆನಪಾಯಿತು.

"ದೇವಸಮುದ್ರಕ್ಕೆ ಬಂದು ನಮ್ಮ ಅಪ್ಪನ್ನ ಕೇಳ್ಬೇಕು. ಅವ್ವನ್ನೂ ಕರ್ಕೊಂಡು ಬನ್ನಿ."

"ಯಾವ ಹೊತ್ತಿಗೆ ಬರ್ಲಿ?"

"ದೀಪ ಹಚ್ಚೋದಕ್ಕೆ ಮುಂಚೆ."

ಮಾರುತೇಶ ನಕ್ಕ. ಆಮೇಲೆ ಬೆನ್ನ ಹಿಂದಿನ ಬೆಂಚಿನ ಮೇಲಿಂದ ಬಟ್ಟೆ ಸುತ್ತಿದ ಡಬ್ಬಿಯನ್ನು ತೆಗೆದು, ಅವಳ ಕೈಗೆ ಕೊಟ್ಟ. ಅದು ಇನ್ನೂ ಬಿಸಿಯಾಗಿತ್ತು.